ಕಿರುಚಿತ್ರ ಮಾಡ್ಬೇಕೇನ್ರಿ? ಕ್ಯಾಮೆರಾ ಕಿಸೆದಾಗ ಅದ, ಖರ್ಚು ಬೇರೆ ಕಡಿ ಅದ

ಕಲಬುರಗಿ: ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿ ಶಟರ್ ಎತ್ತುವ ಹೊತ್ತಿಗೆ ನಾಲ್ಕು ಹುಡುಗರು ಬಂದು, ‘ಅಣ್ಣಾ, ಅರ್ಧಾ ತಾಸು ನಿಮ್ಮ ಅಂಗಡಿ ಮುಂದ ಶೂಟಿಂಗ್ ಮಾಡ್ತೀವ್ರಿ’ ಅಂತ ಕೇಳಿದರೆ ಏನು ಹೇಳಬೇಕು? ಕಮಲಾಪುರದ ಮನೆಯೊಂದರಲ್ಲಿ ಮಗ ಬಂದು, ‘ಅಪ್ಪಾ, ಮೂವತ್ತು ಸಾವಿರ ಕೊಡು, ಕಿರುಚಿತ್ರ ಮಾಡ್ತೀನಿ’ ಅಂದರೆ ತಂದೆ ಏನು ಕೇಳಬೇಕು?

ಇಂಥ ಹೊತ್ತಿನಲ್ಲಿ ಕೆಲವರು ನಕ್ಕು ಕಳಿಸಿಬಿಡುತ್ತಾರೆ. ಇನ್ನು ಕೆಲವರು ಏನೂ ಕೇಳದೆ ‘ಹೂಂ’ ಅಂದುಬಿಡುತ್ತಾರೆ. ಎರಡರಿಂದಲೂ ನಷ್ಟವೇ. ನಕ್ಕು ಕಳಿಸಿದರೆ ಊರಿನ ಒಂದು ಕಥೆ ಅಲ್ಲಿಗೇ ನಿಲ್ಲುತ್ತದೆ. ಕೇಳದೆ ಹೂಂ ಅಂದರೆ ಅರ್ಧಕ್ಕೆ ನಿಂತ ಸಿನಿಮಾ, ಹೋದ ರೊಕ್ಕ, ಮುರಿದ ದೋಸ್ತಿ ಉಳಿಯುತ್ತವೆ. ಕಡಿಮೆ ಬಜೆಟ್ಟಿನ ಕಿರುಚಿತ್ರ ಕೆಡುವುದು ಬಹಳ ಸಲ ಕ್ಯಾಮೆರಾದಿಂದ ಅಲ್ಲ. ಮೊದಲೇ ಆಡಿಕೊಳ್ಳದ ಮಾತಿನಿಂದ ಮತ್ತು ಪರದೆ ಮೇಲೆ ಸರಿಯಾಗಿ ಕೇಳಿಸದ ಮಾತಿನಿಂದ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಎಷ್ಟು ಉದ್ದ ಇರಬೇಕು?

ಆಸ್ಕರ್ ಪ್ರಶಸ್ತಿಯ ನಿಯಮದಂತೆ ಹೆಸರು ಬರುವ ಪಟ್ಟಿಯೂ ಸೇರಿ 40 ನಿಮಿಷದೊಳಗಿನ ಚಿತ್ರ ಕಿರುಚಿತ್ರ. ಕಾನ್ ಚಿತ್ರೋತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷ ಮಿತಿ. ಮೊದಲ ಸಲ ಮಾಡುವವರಿಗೆ 10 ನಿಮಿಷ ಸಾಕು.

ಚಿಕ್ಕದು ಅಂದರೆ ಕಮ್ಮಿ ಅಂತ ಅಲ್ಲ. 2024ರಲ್ಲಿ ಕಾನ್ ಚಿತ್ರೋತ್ಸವದ ‘ಲಾ ಸಿನೆಫ್’ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆದದ್ದು ಒಂದು ಕನ್ನಡ ಕಿರುಚಿತ್ರ: ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ನಿರ್ದೇಶಕ ಮೈಸೂರಿನ ಚಿದಾನಂದ ಎಸ್. ನಾಯ್ಕ್, ಓದಿದ್ದು ವೈದ್ಯಕೀಯ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಒಂದು ವರ್ಷದ ಟಿವಿ ಕೋರ್ಸ್ ಮಾಡುವಾಗ ಈ ಚಿತ್ರ ತೆಗೆದರು. ಉದ್ದ 16 ನಿಮಿಷ, ಶೂಟಿಂಗ್ ನಾಲ್ಕು ದಿನ. ಕಥೆ ನಮ್ಮ ಅಜ್ಜಿಯರು ಹೇಳುವಂಥದ್ದೇ: ಮುದುಕಿಯೊಬ್ಬಳು ಕೋಳಿಹುಂಜ ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಅವರ ಬೆನ್ನಿಗೆ ಸಿನಿಮಾ ಶಾಲೆ ಇತ್ತು, ಅದು ಖರೆ. ಆದರೆ ಕಥೆ ಯಾವ ಊರಿನ ಜಗಲಿ ಮೇಲೂ ಸಿಗುವಂಥದ್ದು.

ಕಥೆ ಬರೆಯುವಾಗಲೇ ಖರ್ಚು ಕಟ್ಟಬೇಕು

ಲೆಕ್ಕಕ್ಕೆ ಒಂದು ಕಥೆ ಹಿಡಿಯೋಣ. ಕಮಲಾಪುರದ ಅಜ್ಜಿಯೊಬ್ಬರು ಮೊಮ್ಮಗಳ ಕಾಲೇಜು ಫೀಸಿಗಾಗಿ ತೋಟದ ಕೆಂಪು ಬಾಳೆಹಣ್ಣು ಬುಟ್ಟಿಯಲ್ಲಿ ಹೊತ್ತು ಕಲಬುರಗಿಗೆ ಬರುತ್ತಾರೆ. ಭೌಗೋಳಿಕ ಸೂಚಕ ಪಡೆದ ಹಣ್ಣದು, ಬೆಲೆಯೂ ಜಾಸ್ತಿ. ಬಂದವರೆಲ್ಲ ರೇಟು ಕೇಳಿ ಮುಂದೆ ಹೋಗುತ್ತಾರೆ. ಸಂಜೆ ಆಗುತ್ತದೆ, ಕೊನೆಗೆ ಅರ್ಧ ಡಜನ್ ಉಳಿಯುತ್ತದೆ. ಇಷ್ಟೇ ಕಥೆ.

ಬರೆದಾಗ ಇದರಲ್ಲಿ ಮೂರು ಜಾಗ ಬರುತ್ತವೆ: ತೋಟ, ಬಸ್ಸು, ಮಾರುಕಟ್ಟೆ. ಇದರಲ್ಲಿ ತ್ರಾಸಿನದ್ದು ಬಸ್ಸು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನೊಳಗೆ, ಬಸ್ ನಿಲ್ದಾಣದೊಳಗೆ ಚಿತ್ರೀಕರಣಕ್ಕೆ ನಿಗಮದ ಅನುಮತಿ ಬೇಕು. ಸಿಕ್ಕರೂ ಪ್ರಯಾಣಿಕರ ನೂಕುನುಗ್ಗಲು, ಎಂಜಿನ್ ಸಪ್ಪಳ. ಹಾಗಾದರೆ ಬಸ್ಸಿನ ದೃಶ್ಯವನ್ನೇ ತೆಗೆದುಬಿಡಬಹುದು. ಹುಮನಾಬಾದ್ ರಸ್ತೆ ಬದಿಯಲ್ಲಿ ಅಜ್ಜಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಾರೆ. ಬಸ್ಸು ಬಂದು ನಿಂತ ಸಪ್ಪಳ, ಕಂಡಕ್ಟರ್ ಸೀಟಿ ಕೇಳುತ್ತದೆ. ಮುಂದಿನ ದೃಶ್ಯದಲ್ಲಿ ಅಜ್ಜಿ ಪೇಟೆಯಲ್ಲಿದ್ದಾರೆ. ನೋಡುವವರಿಗೆ ಅರ್ಥ ಆಗುತ್ತದೆ, ಒಂದು ದಿನದ ಕೆಲಸ ಉಳಿಯುತ್ತದೆ.

ಸಿನಿಮಾದವರ ರೂಢಿಯ ಲೆಕ್ಕದಲ್ಲಿ ಚಿತ್ರಕಥೆಯ ಒಂದು ಪುಟ ಅಂದರೆ ಸುಮಾರು ಒಂದು ನಿಮಿಷ. ಬರೆದದ್ದನ್ನು ಮೊಬೈಲ್ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದರೆ ಇನ್ನೂ ಬರಾಬ್ಬರಿ ಗೊತ್ತಾಗುತ್ತದೆ. ಒಂದು ಶಾಟ್‌ಗೆ ಜಾಗ ಹೊಂದಿಸಿ, ತಾಲೀಮು ಮಾಡಿ, ಎರಡು ಮೂರು ಟೇಕ್ ತೆಗೆಯಲು ಅರ್ಧ ತಾಸು ಹಿಡಿದರೆ, 10 ತಾಸಿನ ದಿನಕ್ಕೆ 20 ಶಾಟ್. ಎರಡು ದಿನಕ್ಕೆ 40. ಅಂದರೆ ಕಾಗದದ ಮೇಲೆ 70 ಶಾಟ್ ಬರೆದವರು ಎರಡು ದಿನದಲ್ಲಿ ಮುಗಿಸುತ್ತೇನೆ ಅಂದರೆ ನಂಬಬಾರದು. ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಎಷ್ಟು ಶಾಟ್ ಅದಾವ, ಎಷ್ಟು ದಿನ?’

ಕ್ಯಾಮೆರಾ: ಇದ್ದದ್ದೇ ಸಾಕು

ಈಗಿನ ಮಧ್ಯಮ ದರದ ಫೋನು ಕಿರುಚಿತ್ರಕ್ಕೆ ಸಾಕಾಗುತ್ತದೆ. ‘ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ’ ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ. ಐಫೋನ್ ಮತ್ತು ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ನಡೆಯುತ್ತದೆ. ಅದರಲ್ಲಿ ಬೆಳಕು, ಫೋಕಸ್, ಬಣ್ಣ ಕೈಯಿಂದಲೇ ಹೊಂದಿಸಿ ಲಾಕ್ ಮಾಡಬಹುದು.

ಬಹಳ ಮಂದಿಗೆ ಗೊತ್ತಿಲ್ಲದ ಮಾತು ಒಂದಿದೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಂಗಡಿಯ ಟ್ಯೂಬ್‌ಲೈಟ್, ಸಾದಾ ಎಲ್‌ಇಡಿ ಬೆಳಕಿನಲ್ಲಿ ಶೂಟ್ ಮಾಡಿದರೆ ವಿಡಿಯೋದಲ್ಲಿ ಪಟ್ಟೆ ಓಡಿದಂತೆ, ಬೆಳಕು ಮಿಟುಕಿದಂತೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಂತ ಇಟ್ಟರೆ ಈ ತೊಂದರೆ ಬಹುತೇಕ ಹೋಗುತ್ತದೆ. ಶೂಟಿಂಗ್ ವೇಳೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಬೇಕು. ಒಳ್ಳೆ ಟೇಕ್ ನಡೆದಾಗಲೇ ಯಾರದೋ ಕಾಲ್ ಬಂದು ರೆಕಾರ್ಡಿಂಗ್ ನಿಂತುಹೋಗಬಾರದು.

ದೊಡ್ಡ ಕ್ಯಾಮೆರಾನೇ ಬೇಕು ಅಂದರೆ ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರನ್ನು ಆಷಾಢದಲ್ಲಿ ಕೇಳಬೇಕು. ಆಗ ಲಗ್ನ ಇರಂಗಿಲ್ಲ, ಕ್ಯಾಮೆರಾ ಖಾಲಿ ಇರುತ್ತದೆ, ಬಾಡಿಗೆ ಚೌಕಾಸಿಗೂ ಜಾಗ ಇರುತ್ತದೆ. ಬಿಸಿಲಿನ ಝಳವೂ ಇಳಿದಿರುತ್ತದೆ. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಫೋನು ಬಿಸಿಯಾಗಿ ಬಂದ್ ಬೀಳುತ್ತದೆ, ನಟಿಸುವ ಹಿರಿಯರ ಆರೋಗ್ಯವೂ ಕೆಡುತ್ತದೆ. ಯಾವ ತಿಂಗಳಾದರೂ ಬೆಳಿಗ್ಗೆ 9ರೊಳಗೆ ಮತ್ತು ಸಂಜೆ 4ರ ನಂತರ ಹೊರಗಿನ ದೃಶ್ಯ, ನಡುಮಧ್ಯಾಹ್ನ ಮನೆಯೊಳಗಿನ ದೃಶ್ಯ ಇಟ್ಟುಕೊಳ್ಳುವುದು ಒಳ್ಳೆಯದು. ಮುಖದ ಮೇಲಿನ ನೆರಳು ತೆಗೆಯಲು ಬಿಳಿ ಥರ್ಮಾಕೋಲ್ ಹಲಗೆ ಸಾಕು.

ಶಬ್ದ ಕೆಟ್ಟರೆ ಎಲ್ಲಾ ಕೆಟ್ಟಂಗ

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಎರಡನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಫೋನಿನ ಮೈಕ್ ಆರು ಅಡಿ ದೂರದ ಮಾತಿಗಿಂತ ತಲೆ ಮೇಲಿನ ಫ್ಯಾನಿನ ಸಪ್ಪಳವನ್ನೇ ಚೆನ್ನಾಗಿ ಹಿಡಿಯುತ್ತದೆ.

ಕಡಿಮೆ ಖರ್ಚಿನ ದಾರಿ: ಎರಡನೇ ಫೋನಿಗೆ ಕಾಲರ್ ಮೈಕ್ ಸಿಕ್ಕಿಸಿ, ನಟರ ಕಿಸೆಯಲ್ಲೋ ಸೀರೆಯ ನೆರಿಗೆಯಲ್ಲೋ ಇಟ್ಟು ರೆಕಾರ್ಡ್ ಮಾಡುವುದು. ಪ್ರತಿ ಟೇಕ್ ಮೊದಲು ಕ್ಯಾಮೆರಾ ಮುಂದೆ ಒಂದು ಸಲ ಚಪ್ಪಾಳೆ ತಟ್ಟಬೇಕು. ಎಡಿಟಿಂಗ್ ವೇಳೆ ಚಪ್ಪಾಳೆ ಕಂಡ ಜಾಗಕ್ಕೆ ಚಪ್ಪಾಳೆ ಕೇಳಿದ ಜಾಗ ಕೂಡಿಸಿದರೆ ತುಟಿಗೂ ಮಾತಿಗೂ ಹೊಂದಿಕೆ ಬರುತ್ತದೆ. ಖಾಲಿ ಕೋಣೆಯಲ್ಲಿ ಮಾತು ಗುಂಯ್‌ಗುಡುತ್ತಿದ್ದರೆ ಗೋಡೆಗೆ ಎರಡು ಕೌದಿ ನೇತು ಹಾಕಿದರೆ ಸಾಕು. ಪ್ರತಿ ಜಾಗದಲ್ಲಿ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಬರೀ ಅಲ್ಲಿನ ಸಪ್ಪಳ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ಮುಂದೆ ಎರಡು ಶಾಟ್ ಕೂಡಿಸುವಾಗ ಅದು ಬೇಕೇ ಬೇಕು.

ಪೇಟೆಯಲ್ಲಿ ಇನ್ನೊಂದು ತೊಡಕು. ಪಕ್ಕದ ಅಂಗಡಿಯಲ್ಲಿ ಸಿನಿಮಾ ಹಾಡು ಹಚ್ಚಿದ್ದರೆ ಅದು ರೆಕಾರ್ಡಿಂಗ್‌ನಲ್ಲಿ ಸೇರುತ್ತದೆ. ಯೂಟ್ಯೂಬ್‌ನ ವ್ಯವಸ್ಥೆ ಆ ಹಾಡನ್ನು ಗುರುತಿಸಿ ಹಕ್ಕಿನ ತಕರಾರು ಹಾಕಬಹುದು. ಹತ್ತು ನಿಮಿಷ ಹಾಡು ಬಂದ್ ಇಡ್ರಿ ಅಂತ ಅಂಗಡಿಯವರನ್ನು ಕೇಳಿಕೊಳ್ಳುವುದು ಮುಂದಿನ ತಲೆನೋವಿಗಿಂತ ಹಗುರ.

ಸಂಗೀತಕ್ಕೆ ಸಿನಿಮಾ ಹಾಡು ಬೇಡ. ಕಡಕೋಳ ಮಡಿವಾಳಪ್ಪನವರಂಥ ಹಿಂದಿನ ತತ್ವಪದಕಾರರ ಪದಗಳಿಗೆ ಈಗ ಯಾರ ಹಕ್ಕೂ ಇಲ್ಲ. ಆದರೆ ಆ ಪದವನ್ನು ಯಾರೋ ಹಾಡಿದ ಕ್ಯಾಸೆಟ್ಟು, ಯೂಟ್ಯೂಬ್ ಧ್ವನಿಗೆ ಹಕ್ಕು ಇರುತ್ತದೆ. ಊರಿನ ಭಜನಾ ಮಂಡಳಿಯವರಿಂದ ಹೊಸದಾಗಿ ಹಾಡಿಸಿ, ಗೌರವಧನ ಕೊಟ್ಟು, ಒಪ್ಪಿಗೆ ಬರೆಸಿಕೊಂಡರೆ ಕೆಲಸ ಚೊಕ್ಕ. ಹಾಗೇ, ಪುಸ್ತಕದಲ್ಲಿ ಬಂದ ಕಥೆ ತೆಗೆದುಕೊಂಡರೆ ಲೇಖಕರ ಒಪ್ಪಿಗೆ ಬೇಕು. ನಮ್ಮ ಕಾಯ್ದೆಯಂತೆ ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕು ಅವರ ವಾರಸುದಾರರದು.

ಎಲ್ಲಿ, ಯಾರ ಅನುಮತಿ?

ಖಾಸಗಿ ಹೊಲ, ಮನೆ, ಅಂಗಡಿಗೆ ಮಾಲೀಕರ ಲಿಖಿತ ಒಪ್ಪಿಗೆ ಸಾಕು. ಉಳಿದವು ಹೀಗಿವೆ:

ಕಲಬುರಗಿ ಕೋಟೆ: ಬಹಮನಿ ಕಾಲದ ಕೋಟೆ ಮತ್ತು ಒಳಗಿನ 1367ರ ಜಾಮಿಯಾ ಮಸೀದಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮೊಬೈಲಿನಲ್ಲಿ ಫೋಟೋ ತೆಗೆಯುವುದು ಬೇರೆ, ಸಿನಿಮಾ ಚಿತ್ರೀಕರಣ ಬೇರೆ. ಅದಕ್ಕೆ ಮುಂಚಿತವಾಗಿ ಅರ್ಜಿ, ಶುಲ್ಕ, ಠೇವಣಿ ಎಲ್ಲ ಇದೆ. ಸಣ್ಣ ಬಜೆಟ್ಟಿನವರು ಕೋಟೆಯನ್ನು ಕಥೆಯಿಂದ ಹೊರಗಿಡುವುದೇ ವಾಸಿ.

ರೈಲು ನಿಲ್ದಾಣ: ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದ್ದು. ಪ್ಲಾಟ್‌ಫಾರಂ ಟಿಕೆಟ್ ತೆಗೆದರೆ ಶೂಟಿಂಗ್‌ಗೆ ಅನುಮತಿ ಸಿಕ್ಕಂತಲ್ಲ. ಹಳಿ ಮೇಲೆ ಇಳಿಯುವುದಂತೂ ಅಪರಾಧ, ಜೀವಕ್ಕೂ ಅಪಾಯ.

ರಸ್ತೆ, ಮಾರುಕಟ್ಟೆ: ಜನ ಸೇರಿ ವಾಹನ ನಿಲ್ಲುವಂತಿದ್ದರೆ ಸಂಬಂಧಪಟ್ಟ ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡಬೇಕು. ಜಗಳ, ಕಳ್ಳತನದ ದೃಶ್ಯ ಇದ್ದರೆ ಇದು ಇನ್ನೂ ಮುಖ್ಯ. ನೋಡಿದವರು ಖರೆ ಅಂತ ತಿಳಿದರೆ ಫಜೀತಿ.

ಡ್ರೋನ್: 2021ರ ಡ್ರೋನ್ ನಿಯಮಗಳ ಪ್ರಕಾರ ನೋಂದಣಿ ಬೇಕು. ವ್ಯಾಪಾರಕ್ಕೆ ಬಳಸುವ 250 ಗ್ರಾಂಗಿಂತ ಹೆಚ್ಚಿನ ತೂಕದ್ದಕ್ಕೆ ಹಾರಿಸುವವರಿಗೆ ಪ್ರಮಾಣಪತ್ರವೂ ಬೇಕು. ಶ್ರೀನಿವಾಸ ಸರಡಗಿ ಬಳಿ 2019ರಲ್ಲಿ ಶುರುವಾದ ವಿಮಾನ ನಿಲ್ದಾಣ ಇದೆ, ಅದರ ಸುತ್ತಮುತ್ತ ಪರವಾನಗಿ ಇಲ್ಲದೆ ಡ್ರೋನ್ ಎಬ್ಬಿಸುವಂತಿಲ್ಲ.

ಮಕ್ಕಳು: 14 ವರ್ಷದೊಳಗಿನ ಮಕ್ಕಳನ್ನು ಸಿನಿಮಾದಲ್ಲಿ ದುಡಿಸಲು ಪಾಲಕರ ಒಪ್ಪಿಗೆ ಜೊತೆಗೆ ಜಿಲ್ಲಾಧಿಕಾರಿಯ ಅನುಮತಿ ಬೇಕೆಂದು ಬಾಲ ಕಾರ್ಮಿಕ ನಿಯಮ ಹೇಳುತ್ತದೆ. ದಿನಕ್ಕೆ 5 ತಾಸು ಮೀರಬಾರದು. ನಡುವೆ ವಿಶ್ರಾಂತಿ ಇಲ್ಲದೆ 3 ತಾಸು ದಾಟಬಾರದು. ಮಗುವಿನ ಸಾಲಿ ತಪ್ಪಬಾರದು.

ರೊಕ್ಕದ ಲೆಕ್ಕ

ಮೇಲಿನ ಅಜ್ಜಿಯ ಕಥೆಗೆ, 12 ಮಂದಿಯ ತಂಡ, ಎರಡು ದಿನದ ಶೂಟಿಂಗ್ ಅಂತ ಹಿಡಿದು ಮಾಡಿದ ಅಂದಾಜು ಹೀಗಿದೆ. ಊರು, ಪರಿಚಯ ನೋಡಿ ಹೆಚ್ಚುಕಮ್ಮಿ ಆಗುತ್ತದೆ.

ಊಟ, ನಾಷ್ಟಾ, ಚಹಾ (ಒಬ್ಬರಿಗೆ ದಿನಕ್ಕೆ 250 ರೂ.): 6,000 ರೂ.
ಕಲಬುರಗಿ–ಕಮಲಾಪುರ ಗಾಡಿ, ಡೀಸೆಲ್: 5,000 ರೂ.
ಮೈಕ್ ಮತ್ತು ಶಬ್ದದ ಸಾಮಾನು: 2,500 ರೂ.
ನಟರಿಗೆ ಗೌರವಧನ: 4,000 ರೂ.
ಹಾರ್ಡ್ ಡಿಸ್ಕ್: 4,000 ರೂ.
ಹಾಡಿದವರಿಗೆ: 2,000 ರೂ.
ಚಿತ್ರೋತ್ಸವದ ಪ್ರವೇಶ ಶುಲ್ಕ: 3,000 ರೂ.
ಅರ್ಜಿ, ಜೆರಾಕ್ಸ್: 500 ರೂ.
ಕೈಮೀರಿದ ಖರ್ಚಿಗೆ: 3,000 ರೂ.
ಒಟ್ಟು: 30,000 ರೂ.

ಇದರಲ್ಲಿ ಕ್ಯಾಮೆರಾ ಇಲ್ಲ, ಎಡಿಟಿಂಗ್ ಸಾಫ್ಟ್‌ವೇರ್ ಇಲ್ಲ. ‘ಡಾವಿಂಚಿ ರಿಸಾಲ್ವ್’ ಪುಕ್ಕಟೆ ಆವೃತ್ತಿಯಲ್ಲೇ ಎಡಿಟಿಂಗ್, ಬಣ್ಣ, ಶಬ್ದ ಮೂರೂ ಆಗುತ್ತದೆ. ಕಂಪ್ಯೂಟರ್ ಮಾತ್ರ ಸ್ವಲ್ಪ ಗಟ್ಟಿ ಇರಬೇಕು. ದೊಡ್ಡ ಖರ್ಚು ಊಟ ಮತ್ತು ಗಾಡಿ. ಅದಕ್ಕೇ ಒಂದು ದಿನ ಹೆಚ್ಚಾದರೆ ಬಜೆಟ್ ಹರಿಯುತ್ತದೆ. ಊಟದಲ್ಲಿ ಉಳಿಸಲು ಹೋಗಬಾರದು. ಸಂಬಳ ಇಲ್ಲದೆ ದುಡಿಯಲು ಬಂದ ಗೆಳೆಯರಿಗೆ ಮಧ್ಯಾಹ್ನ 3ಕ್ಕೂ ರೊಟ್ಟಿ ಸಿಗದಿದ್ದರೆ ಮರುದಿನ ಅರ್ಧ ಮಂದಿ ಬರಂಗಿಲ್ಲ.

ಹಾರ್ಡ್ ಡಿಸ್ಕ್ ಯಾಕೆ? ಅವತ್ತು ತೆಗೆದದ್ದನ್ನು ಅವತ್ತೇ ರಾತ್ರಿ ಎರಡು ಕಡೆ ಕಾಪಿ ಮಾಡಬೇಕು. ಫೋನು ಕಳೆದುಹೋದರೆ, ಮೆಮೊರಿ ಕಾರ್ಡ್ ಕೆಟ್ಟರೆ ಎರಡು ದಿನದ ದುಡಿಮೆ ಮಣ್ಣು. ವಿಡಿಯೋವನ್ನು ವಾಟ್ಸ್ಆ್ಯಪ್‌ನಲ್ಲಿ ವಿಡಿಯೋ ಆಗಿ ಕಳಿಸಬಾರದು, ಗುಣಮಟ್ಟ ಇಳಿದುಹೋಗುತ್ತದೆ.

ಅಂಗಡಿಯವರು, ರೊಕ್ಕ ಕೊಡುವವರು ಗಮನಿಸಬೇಕಾದ್ದು

ಅಂಗಡಿಯಲ್ಲಿ ಶೂಟಿಂಗ್ ಕೇಳಿದರೆ ಒಂದು ಹಾಳೆಯಲ್ಲಿ ನಾಲ್ಕು ಮಾತು ಬರೆಸಿಕೊಳ್ಳಿ: ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಕಥೆಯಲ್ಲಿ ಅಂಗಡಿಯನ್ನು ಹೇಗೆ ತೋರಿಸುತ್ತಾರೆ, ಬೋರ್ಡು, ಹೆಸರು ಕಾಣಬೇಕೋ ಬೇಡವೋ, ಸಾಮಾನು ಒಡೆದರೆ ಯಾರು ಕೊಡಬೇಕು. ಕಲಬೆರಕೆ ಮಾಡುವ ವ್ಯಾಪಾರಿಯ ಪಾತ್ರಕ್ಕೆ ನಿಮ್ಮ ಅಂಗಡಿ ಬೋರ್ಡು ಕಂಡರೆ ಆಮೇಲೆ ಬೇಜಾರು ಮಾಡಿಕೊಂಡು ಉಪಯೋಗ ಇಲ್ಲ. ವ್ಯಾಪಾರದ ಹೊತ್ತು ಕೊಡಬೇಡಿ. ಬೆಳಿಗ್ಗೆ ಗಿರಾಕಿ ಬರುವ ಮೊದಲು ಕೊಟ್ಟರೆ ಅವರಿಗೂ ಒಳ್ಳೆ ಬೆಳಕು, ಸದ್ದು ಕಮ್ಮಿ.

ರೊಕ್ಕ ಕೊಡುವಾಗ ಇನ್ನೂ ಹುಷಾರು. ಹತ್ತು ಸಾವಿರ ಕೊಟ್ಟರೆ ಅದು ದೇಣಿಗೆಯೋ, ಸಾಲವೋ, ಜಾಹೀರಾತೋ, ಪಾಲೋ? ಈ ನಾಲ್ಕರಲ್ಲಿ ಯಾವುದು ಅಂತ ಬರೆದುಕೊಳ್ಳದೇ ಇದ್ದಾಗ ಕೊಟ್ಟವರು ಒಂದು ತಿಳಿದಿರುತ್ತಾರೆ, ಇಸಕೊಂಡವರು ಇನ್ನೊಂದು. ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಿನಿಮಾದ ಕರ್ತೃ ಅಂದರೆ ನಿರ್ಮಾಪಕ, ನಿರ್ದೇಶಕ ಅಲ್ಲ. ಮೂವರು ಗೆಳೆಯರು ಕೂಡಿ ಮಾಡಿದಾಗ ನಿರ್ಮಾಪಕ ಯಾರು, ಬಹುಮಾನದ ಹಣ ಬಂದರೆ ಹೇಗೆ ಹಂಚಿಕೆ, ಯಾರ ಚಾನೆಲ್‌ನಲ್ಲಿ ಹಾಕೋದು ಅಂತ ಶೂಟಿಂಗ್‌ಗೆ ಮೊದಲೇ ಸಹಿ ಮಾಡಿಕೊಳ್ಳಬೇಕು. ಲೆಕ್ಕ ಬರಾಬ್ಬರಿ ಇದ್ರ ದೋಸ್ತಿನೂ ಉಳೀತದ.

ನಟಿಸಿದ ಪ್ರತಿಯೊಬ್ಬರಿಂದಲೂ ಒಪ್ಪಿಗೆ ಬೇಕು. ಓದು ಬರಹ ಬಾರದ ಅಜ್ಜಿಗೆ ಮನೆಯವರ ಎದುರು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ‘ಇದು ಯೂಟ್ಯೂಬ್‌ನಾಗ ಬರ್ತದ, ಎಲ್ಲಾರೂ ನೋಡ್ತಾರ’ ಅನ್ನುವುದು ಅವರಿಗೆ ತಿಳಿದಿರಲೇಬೇಕು.

ಹಾಕಿದ ರೊಕ್ಕ ವಾಪಸ್ ಬರ್ತದೇನು?

ಬಹಳ ಮಟ್ಟಿಗೆ ಇಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು ಚಾನೆಲ್‌ಗೆ 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ತಾಸಿನ ವೀಕ್ಷಣೆ ಬೇಕು (ಶಾರ್ಟ್ಸ್‌ಗೆ ಬೇರೆ ಲೆಕ್ಕ). 10 ನಿಮಿಷದ ಒಂದು ಚಿತ್ರವನ್ನು 24,000 ಸಲ ಪೂರ್ತಿ ನೋಡಿದಾಗ 4,000 ತಾಸು. ಅಷ್ಟಾದ ಮೇಲೆ ಗಳಿಕೆ ಶುರು. ಆದ್ದರಿಂದ ಸಾಲ ತೆಗೆದು, ಬಂಗಾರ ಒತ್ತೆ ಇಟ್ಟು ಕಿರುಚಿತ್ರ ಮಾಡಬಾರದು. ಹೋದರೂ ಮನೆ ನಡೆಯುವಷ್ಟೇ ರೊಕ್ಕ ಹಾಕಬೇಕು.

ಮೊದಲು ಚಿತ್ರೋತ್ಸವಕ್ಕೆ ಕಳಿಸುವುದು ಜಾಣತನ, ಯಾಕೆಂದರೆ ಕೆಲವು ಉತ್ಸವಗಳು ಈಗಾಗಲೇ ಯೂಟ್ಯೂಬ್‌ನಲ್ಲಿ ಇರುವ ಚಿತ್ರ ತೆಗೆದುಕೊಳ್ಳುವುದಿಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ, ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಹತ್ತಿರದವು. ಇಂಗ್ಲಿಷ್ ಸಬ್‌ಟೈಟಲ್ ಸಿದ್ಧ ಇಟ್ಟುಕೊಳ್ಳಬೇಕು. ದುಡ್ಡು ಕಟ್ಟಿದವರಿಗೆಲ್ಲ ಪ್ರಶಸ್ತಿ ಪತ್ರ ಕಳಿಸುವ ಆನ್‌ಲೈನ್ ‘ಉತ್ಸವ’ಗಳೂ ಇವೆ. ಹಿಂದಿನ ವರ್ಷ ಯಾವ ಊರಲ್ಲಿ, ಯಾವ ಚಿತ್ರಮಂದಿರದಲ್ಲಿ ಪ್ರದರ್ಶನ ಆಗಿತ್ತು ಅಂತ ನೋಡಿ ಶುಲ್ಕ ಕಟ್ಟಿ. ಟಾಕೀಸಿನಲ್ಲಿ ಸಾರ್ವಜನಿಕವಾಗಿ ತೋರಿಸಲು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಯೂಟ್ಯೂಬ್‌ಗೆ ಅದು ಬೇಕಿಲ್ಲ.

ಹಂಗಾದ್ರ ಯಾಕ ಮಾಡ್ಬೇಕು?

ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬಹಳ ಸಲ ನಗಿಸಲಿಕ್ಕೆ ಮಾತ್ರ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟವರೂ ಇದ್ದಾರೆ. 2024ರಲ್ಲಿ ತೆರೆಕಂಡ ಉತ್ಸವ್ ಗೋನವಾರ ಅವರ ‘ಫೋಟೋ’ ಸಿನಿಮಾದಲ್ಲಿ ರಾಯಚೂರು ಸೀಮೆಯ ಹುಡುಗ, ಲಾಕ್‌ಡೌನ್‌ನಲ್ಲಿ ನಡೆದೇ ಊರಿಗೆ ಹೊರಟ ಕೂಲಿಕಾರರು ತಮ್ಮ ಮಾತಲ್ಲೇ ಮಾತಾಡಿದರು, ಯಾರೂ ನಗಲಿಲ್ಲ. ಮಂಡ್ಯ ಸೀಮೆಯ ‘ತಿಥಿ’ಯಲ್ಲಿ ನಟಿಸಿದವರು ಬಹುತೇಕ ನೊದೆಕೊಪ್ಪಲು ಮತ್ತು ಸುತ್ತಲಿನ ಹಳ್ಳಿಯವರೇ, ಹಿಂದೆಂದೂ ಕ್ಯಾಮೆರಾ ಮುಂದೆ ನಿಂತವರಲ್ಲ. ಅದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು.

ಕಮಲಾಪುರದ ಅಜ್ಜಿಗೆ ‘ಹಣ್ಣು ತೆಗೆದುಕೊಳ್ಳಿ’ ಅಂತ ಬರೆದುಕೊಟ್ಟರೆ ಸಿನಿಮಾ ಅಲ್ಲೇ ಸುಳ್ಳಾಗುತ್ತದೆ. ‘ತಗೋ ಯಪ್ಪಾ, ತೋಟದ್ ಹಣ್ ಅದ’ ಅಂದಾಗ ಅದು ಅಜ್ಜಿಯ ಮಾತು. ಸನ್ನಿವೇಶ ಹೇಳಿ, ಮಾತು ಅವರಿಗೇ ಬಿಟ್ಟರೆ ಇನ್ನೂ ಚೆನ್ನ. ತಾಲೀಮು ಇದ್ದ ನಟರೇ ಬೇಕಾದರೆ ಕಲಬುರಗಿ ರಂಗಾಯಣ, ನಗರದ ನಾಟಕ ತಂಡಗಳ ಸುತ್ತ ವಿಚಾರಿಸಬಹುದು.

ಸಿನಿಮಾ ಮುಗಿದ ಮೇಲೆ ಲಿಂಕ್ ಹಂಚುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಟಿಸಿದ ಅಜ್ಜಿಯ ಮನೆಗೆ ಹೋಗಿ, ಟಿವಿಗೆ ಹಚ್ಚಿ, ಮನೆಯವರನ್ನೆಲ್ಲ ಕೂಡಿಸಿ ತೋರಿಸುವುದು. ಯಾವುದಾದರೂ ದೃಶ್ಯ ನೋಡಿ ಅವರು ‘ಇದು ಬ್ಯಾಡ ಯಪ್ಪಾ’ ಅಂದರೆ ತೆಗೆದುಹಾಕಲು ಇನ್ನೂ ಟೈಮ್ ಇರುತ್ತದೆ. ಅವರು ಒಪ್ಪಿದರೆ ಮುಂದಿನ ಸಿನಿಮಾಕ್ಕೂ ಆ ಮನೆಯ ಬಾಗಿಲು ತೆರೆದೇ ಇರುತ್ತದೆ.